ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ನೀಲಿ ಹೊಗೆ: ಬೋರ್ ಮಾಡಿಸಲೇಬೇಕೇ?

ಪ್ರಶ್ನೆ: ನನ್ನದು ಒಂದೇ ಸಿಲಿಂಡರಿನ, ಗಾಳಿಯಿಂದ ತಣಿಯುವ 150 ಸಿಸಿ ಫೋರ್ ಸ್ಟ್ರೋಕ್ ಬೈಕ್. 46,000 ಕಿ.ಮೀ. ಓಡಿದೆ. ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ನೀಲಿ ಬೆರೆತ ಬಿಳಿ ಹೊಗೆ ದಟ್ಟವಾಗಿ ಬರುತ್ತದೆ. ಅರ್ಧ ನಿಮಿಷದೊಳಗೆ ನಿಂತುಹೋಗುತ್ತದೆ. ಆಮೇಲೆ ದಿನವಿಡೀ ಓಡಿಸಿದರೂ ಹೊಗೆಯ ಸುಳಿವಿಲ್ಲ. ಪಿಕಪ್ ಕುಂದಿಲ್ಲ, ಮೈಲೇಜ್ ಮೊದಲಿನಂತೆಯೇ ಇದೆ. ಎಂಜಿನ್ ಆಯಿಲ್ ಮಾತ್ರ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಿದೆ. ಮೆಕ್ಯಾನಿಕ್ ನೋಡಿ, ‘ರಿಂಗ್ ಹೋಗಿದೆ, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು’ ಎಂದರು. ಅಷ್ಟು ದೊಡ್ಡ ಕೆಲಸ ನಿಜಕ್ಕೂ ಬೇಕೇ?

ಉತ್ತರ: ಬೋರ್ ಮಾಡಿಸುವುದಕ್ಕೆ, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಹೊಸ ಪಿಸ್ಟನ್ನು, ಅದರ ಸುತ್ತಲಿನ ರಿಂಗು ಹಾಕಿಸುವುದಕ್ಕೆ, ಸದ್ಯಕ್ಕೆ ಒಪ್ಪಿಗೆ ಕೊಡಬೇಡಿ. ನೀವು ಬರೆದಿರುವ ಲಕ್ಷಣಗಳನ್ನೆಲ್ಲ ಕೂಡಿಸಿ ನೋಡಿದರೆ ನನಗೆ ಮೊದಲ ಅನುಮಾನ ಬರುವುದು ಎಂಜಿನ್ನಿನ ತಲೆಭಾಗವಾದ ಸಿಲಿಂಡರ್ ಹೆಡ್ಡಿನೊಳಗಿನ ವಾಲ್ವ್ ಸೀಲುಗಳ ಮೇಲೆ. ಬೆರಳ ತುದಿಯಷ್ಟು ದೊಡ್ಡದಾದ ಎರಡು ರಬ್ಬರ್ ತುಂಡುಗಳವು. ಅವುಗಳ ತಪ್ಪಿಗೆ ಪಿಸ್ಟನ್ನು, ಬ್ಲಾಕು ಎಲ್ಲವನ್ನೂ ಶಿಕ್ಷಿಸುವುದು ನಮ್ಮ ಕಸುಬಿನಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸುಳ್ಳೇ ಎಂದು ಇಲ್ಲಿ ಕುಳಿತು ತೀರ್ಪು ಕೊಡಲಾರೆ. ಆದರೆ ಎಂಜಿನ್ ಬಿಚ್ಚದೆ ಒಂದು ವಾರದಲ್ಲಿ ನೀವೇ ಮಾಡಿ ನೋಡಬಹುದಾದ ಪರೀಕ್ಷೆಗಳಿವೆ. ಅವು ಮುಗಿಯುವವರೆಗೆ ಸ್ಪ್ಯಾನರ್ ಹಿಡಿಯುವ ಅಗತ್ಯವಿಲ್ಲ.

ಹೊಗೆ ಎಂದೊಡನೆ ಎಲ್ಲರೂ ಬಣ್ಣ ಕೇಳುತ್ತಾರೆ. ನೀಲಿಯಾದರೆ ಆಯಿಲ್, ಕಪ್ಪಾದರೆ ಪೆಟ್ರೋಲ್ ಹೆಚ್ಚು, ಬಿಳಿಯಾದರೆ ನೀರು. ಪಾಠ ಸರಿಯೇ. ಆದರೆ ಬೆಳಗಿನ ಮಂದ ಬೆಳಕಿನಲ್ಲಿ ತೆಳು ನೀಲಿಯೂ ಬಿಳಿಯೂ ಒಂದೇ ಥರ ಕಾಣುತ್ತವೆ. ಬಿಸಿಲಿಗೆ ಎದುರಾಗಿ ನಿಂತು ನೋಡಿದರೆ ಒಂದು ಬಣ್ಣ, ಬೆನ್ನು ಮಾಡಿ ನೋಡಿದರೆ ಇನ್ನೊಂದು. ಹಾಗಾಗಿ ನಾನು ಮೊದಲು ಕೇಳುವುದು ಹೊಗೆ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವಾಗ ನಿಲ್ಲುತ್ತದೆ ಎಂದು. ಕಣ್ಣು ಬಣ್ಣವನ್ನು ತಪ್ಪಾಗಿ ಕಾಣಬಹುದು, ಗಡಿಯಾರದಲ್ಲಿ ಆ ಗೊಂದಲವಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದೂ ‘ಅರ್ಧ ನಿಮಿಷ’ ಎನ್ನುವ ಮಾತೇ.

ರಾತ್ರಿ ಎಂಜಿನ್ ನಿಂತ ಮೇಲೆ ಒಳಗೆ ಏನಾಗುತ್ತದೆ ಎಂದು ನೋಡೋಣ. ಹೆಡ್ಡಿನ ಮೇಲ್ಭಾಗದಲ್ಲಿ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್, ರಾಕರ್, ವಾಲ್ವ್ ಸ್ಪ್ರಿಂಗ್ ಎಲ್ಲವೂ ಆಯಿಲಿನಲ್ಲಿ ತೊಯ್ದಿರುತ್ತವೆ. ಎಂಜಿನ್ ಆರಿಸಿದಾಗ ಹೆಚ್ಚಿನ ಆಯಿಲ್ ಕೆಳಗಿನ ಸಂಪ್‌ಗೆ ಇಳಿಯುತ್ತದೆ, ಸ್ವಲ್ಪ ಅಲ್ಲೇ ಉಳಿಯುತ್ತದೆ. ಪ್ರತಿ ವಾಲ್ವಿನ ಕಡ್ಡಿಯೂ ಗೈಡ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಜಾರುತ್ತದೆ. ಕಡ್ಡಿಗೂ ಗೈಡಿಗೂ ನಡುವೆ ಕೂದಲೆಳೆಗಿಂತ ಕಿರಿದಾದ ಸಂದು ಇರಲೇಬೇಕು, ಇಲ್ಲವಾದರೆ ವಾಲ್ವ್ ಕಚ್ಚಿಕೊಳ್ಳುತ್ತದೆ. ಆ ಸಂದಿನ ಬಾಯಿಗೆ ಟೋಪಿಯಂತೆ ಕೂರುವುದೇ ವಾಲ್ವ್ ಸೀಲ್. ಅದರ ತುಟಿ ಕಡ್ಡಿಯನ್ನು ಹದವಾಗಿ ಹಿಡಿದುಕೊಂಡು, ಜಾರಲು ಬೇಕಾದ ತೆಳು ಪದರವನ್ನಷ್ಟೇ ಬಿಟ್ಟು ಉಳಿದ ಆಯಿಲನ್ನು ಸವರಿ ಮೇಲೆಯೇ ತಡೆಯುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ರಬ್ಬರ್ ಗಟ್ಟಿಯಾದಾಗ ತುಟಿಯ ಹಿಡಿತ ಸಡಿಲವಾಗುತ್ತದೆ. ರಾತ್ರಿಯ ಏಳೆಂಟು ಗಂಟೆ ಆಯಿಲ್ ಕಡ್ಡಿಗುಂಟ ತೊಟ್ಟು ತೊಟ್ಟಾಗಿ ಜಿನುಗಿ ವಾಲ್ವಿನ ಬೆನ್ನಿನ ಮೇಲೆ ಕೂಡಿಕೊಳ್ಳುತ್ತದೆ. ಬೆಳಿಗ್ಗೆ ಎಂಜಿನ್ ತಿರುಗಿದೊಡನೆ ಇನ್‌ಲೆಟ್ ವಾಲ್ವ್ ತೆರೆದು, ಕೂಡಿದ್ದ ಆಯಿಲ್ ಪೆಟ್ರೋಲಿನ ಜೊತೆ ಒಳಗೆ ಹೋಗಿ ಉರಿಯುತ್ತದೆ. ನೀವು ಕಾಣುವ ಹೊಗೆ ಅದೇ. ರಾತ್ರಿಯ ಸಂಗ್ರಹ ಖಾಲಿಯಾದ ಮೇಲೆ ಎಂಜಿನ್ ಓಡುತ್ತಿರುವಾಗ ಸೋರುವ ಆಯಿಲ್ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ.

ಇನ್ನೂ ಒಂದು ಸೂಕ್ಷ್ಮ ಇಲ್ಲಿದೆ. ಹೊಗೆ ಮೊದಲ ಕೆಲವೇ ಸೆಕೆಂಡುಗಳಲ್ಲಿ ಬಂದರೆ ಇನ್‌ಲೆಟ್ ಬದಿಯ ಸೀಲಿನ ಮೇಲೆ ಅನುಮಾನ ಪಡಬೇಕು. ಸ್ಟಾರ್ಟ್ ಆದಾಗ ಏನೂ ಇಲ್ಲದೆ, ಸೈಲೆನ್ಸರ್ ಪೈಪು ಬಿಸಿಯೇರುತ್ತ ಹೋದಂತೆ ತಡವಾಗಿ ಹೊಗೆ ಕಾಣಿಸಿಕೊಂಡರೆ, ಉರಿದ ಅನಿಲ ಹೊರಹೋಗುವ ಎಗ್ಸಾಸ್ಟ್ ಬದಿಯ ಸೀಲಿನ ಮೇಲೆ. ಆ ಬದಿಯಲ್ಲಿ ಸೋರಿದ ಆಯಿಲ್ ಸಿಲಿಂಡರಿಗೆ ಹೋಗದೆ ಪೋರ್ಟ್ ಎಂಬ ದಾರಿಯಲ್ಲೂ ಪೈಪಿನ ಬುಡದಲ್ಲೂ ಕೂತಿರುತ್ತದೆ. ಲೋಹ ಕಾಯುವವರೆಗೆ ಅದು ಹೊಗೆಯಾಗುವುದಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಟ್ಟರೆ ಈ ವ್ಯತ್ಯಾಸ ಸೆಕೆಂಡಿನ ಲೆಕ್ಕದಲ್ಲಿ ಸಿಗುತ್ತದೆ.

ಈ ಕಸುಬಿಗೆ ಬಂದ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದ್ದೇನೆ. ನಿಮ್ಮದರಂತೆಯೇ ಬೆಳಗಿನ ಹೊತ್ತು ಮಾತ್ರ ಹೊಗೆ ಬಿಡುತ್ತಿದ್ದ ಬೈಕನ್ನು ತೆಗೆದುಕೊಂಡು ಬ್ಲಾಕ್ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ನು ರಿಂಗು ಹಾಕಿ ಕೊಟ್ಟೆ. ಹೆಡ್ಡನ್ನು ಒರೆಸಿ ಹಾಗೆಯೇ ಕೂರಿಸಿದ್ದೆ. ಮೂರನೆಯ ದಿನ ಬೆಳಿಗ್ಗೆ ಬೈಕಿನ ಒಡೆಯರು ವಾಪಸು ಬಂದರು, ಹೊಗೆ ಹಾಗೆಯೇ ಇತ್ತು. ಹೆಡ್ ಮತ್ತೆ ಬಿಚ್ಚಿ ಇನ್‌ಲೆಟ್ ಸೀಲನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಹೊಸ ಸೀಲಿನ ತುಟಿಯನ್ನು ಉಗುರಿನಿಂದ ಒತ್ತಿದರೆ ಬಾಗಿ, ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಬರುತ್ತದೆ. ಆ ಹಳೆಯದು ಒತ್ತಿದರೆ ಬಾಗಲಿಲ್ಲ, ಸಣ್ಣ ಸದ್ದು ಮಾಡಿ ಒಡೆಯಿತು. ಒಳಗಿನ ತುಟಿ ಸವೆದು ಹೊಳೆಯುತ್ತಿತ್ತು, ಕಡ್ಡಿಯ ಮೇಲೆ ಇಟ್ಟರೆ ತನ್ನಷ್ಟಕ್ಕೇ ಜಾರಿ ಕೆಳಗೆ ಬಿತ್ತು. ಆ ಮನುಷ್ಯ ನನ್ನನ್ನು ನಂಬಿ ದೊಡ್ಡ ಮೊತ್ತ ಕೊಟ್ಟಿದ್ದರು. ಆ ದಿನದಿಂದ ಹೊಗೆಯ ಹೊತ್ತುಗೊತ್ತು ತಿಳಿಯದೆ ಯಾವ ಎಂಜಿನ್ನನ್ನೂ ಬಿಚ್ಚಿಲ್ಲ.

ಹಾಗಾದರೆ ರಿಂಗ್ ಸವೆದರೆ ಹೊಗೆ ಹೇಗಿರುತ್ತದೆ? ಆಯಿಲ್ ಮೇಲೇರದಂತೆ, ಒತ್ತಡ ಕೆಳಗೆ ಸೋರದಂತೆ ತಡೆಯುವ ರಿಂಗುಗಳ ಕೆಲಸ ಎಂಜಿನ್ ಓಡುವಷ್ಟು ಹೊತ್ತೂ ನಡೆಯುತ್ತಲೇ ಇರುತ್ತದೆ, ಆದ್ದರಿಂದ ಅವು ಸೋತರೆ ಹೊಗೆಯೂ ದಿನವಿಡೀ ಇರುತ್ತದೆ. ಏರು ಹತ್ತುವಾಗ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಕ್ಸಿಲರೇಟರ್ ತಿರುಗಿಸಿದಾಗ ಇನ್ನೂ ದಟ್ಟವಾಗುತ್ತದೆ. ಪಿಕಪ್ ಕುಂದುತ್ತದೆ. ಆಯಿಲ್ ಹಾಕುವ ಮುಚ್ಚಳವನ್ನು ಐಡ್ಲಿಂಗಿನಲ್ಲಿ ಸ್ವಲ್ಪ ಸಡಿಲಿಸಿದರೆ ಒಳಗಿನಿಂದ ಜೋರಾಗಿ ಗಾಳಿ ನುಗ್ಗುತ್ತದೆ. (ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಇಳಿಯುವಾಗಲೆಲ್ಲ ಸ್ವಲ್ಪ ಗಾಳಿ ಮಿಡಿಯುವುದು ಸಹಜ, ಅದನ್ನು ಕಂಡು ಗಾಬರಿಯಾಗಬೇಡಿ.) ನೀವು ಬರೆದಿರುವ ಲಕ್ಷಣಗಳಲ್ಲಿ ಇವು ಯಾವುವೂ ಇಲ್ಲ.

ಮೆಕ್ಯಾನಿಕ್ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ತಣ್ಣಗಿರುವಾಗ ಅದು ಬೋರಿನಲ್ಲಿ ಹೆಚ್ಚು ಸಡಿಲವಾಗಿರುತ್ತದೆ. ಬಿಸಿಯಾದಂತೆ ಹಿಗ್ಗಿ ಸಂದನ್ನು ತುಂಬುತ್ತದೆ. ಹಾಗಾಗಿ ಸವೆದ ಬೋರ್ ಕೂಡ ಬೆಳಿಗ್ಗೆ ಹೆಚ್ಚು, ಬಿಸಿಯಾದ ಮೇಲೆ ಕಡಿಮೆ ಹೊಗೆ ಬಿಡುವುದುಂಟು. ಆದರೆ ಆ ಹೊಗೆ ಅರ್ಧ ನಿಮಿಷಕ್ಕೆ ಪಟ್ಟನೆ ನಿಲ್ಲುವುದಿಲ್ಲ, ಹಲವು ನಿಮಿಷ ತೆಗೆದುಕೊಂಡು ತೆಳುವಾಗುತ್ತದೆ. ಜೊತೆಗೆ ತಣ್ಣಗಿರುವಾಗ ಪಿಸ್ಟನ್ ಬೋರಿನ ಗೋಡೆಗೆ ಬಡಿಯುವ ಟಕಟಕ ಸದ್ದೂ ಸೇರಿಕೊಂಡಿರುತ್ತದೆ.

ಈಗ ಪರೀಕ್ಷೆಗಳಿಗೆ ಬರುತ್ತೇನೆ. ಬೈಕನ್ನು ಬಯಲಿನಲ್ಲಿ ನಿಲ್ಲಿಸಿ; ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಕ್ಕೆ ಅಪಾಯ, ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಸೈಲೆನ್ಸರಿನ ಹಿಂದೆ ಒಂದು ಗೇಣು ದೂರದಲ್ಲಿ ಬಿಳಿ ಕಾಗದ ಹಿಡಿದು ಸ್ಟಾರ್ಟ್ ಮಾಡಿಸಿ. ಕಾಗದವನ್ನು ಒಣಗಲು ಬಿಡಿ. ನೀರಿನ ಹನಿಗಳು ಗುರುತಿಲ್ಲದೆ ಆರಿಹೋಗುತ್ತವೆ. ಮಸಿ ಕಪ್ಪು ಚುಕ್ಕೆಯಾಗಿ ನಿಲ್ಲುತ್ತದೆ. ಆಯಿಲ್ ಇದ್ದರೆ ಕಾಗದವನ್ನು ಬೆಳಕಿಗೆ ಹಿಡಿದಾಗ ಆ ಜಾಗ ಪಾರದರ್ಶಕವಾಗಿ ಕಾಣುತ್ತದೆ, ಎಷ್ಟು ಹೊತ್ತಾದರೂ ಹೋಗುವುದಿಲ್ಲ. ವಾಸನೆಯನ್ನು ಮೂಗು ಹತ್ತಿರ ತಂದು ಎಳೆದುಕೊಳ್ಳಬೇಡಿ, ಕೈ ಬೀಸಿ ಸ್ವಲ್ಪವೇ ಗಮನಿಸಿ. ಸುಟ್ಟ ಆಯಿಲಿನ ಕಮಟು ಒಮ್ಮೆ ಪರಿಚಯವಾದರೆ ಮರೆಯುವುದಿಲ್ಲ.

ಎರಡನೆಯ ಪರೀಕ್ಷೆ ಬಿಸಿ ಎಂಜಿನ್ನಿನಲ್ಲಿ. ವಾಹನ ಸಂಚಾರವಿಲ್ಲದ ಉದ್ದನೆಯ ಇಳಿಜಾರು ಸಿಕ್ಕರೆ, ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯಿರಿ. ಆಕ್ಸಿಲರೇಟರ್ ಮುಚ್ಚಿರುವಾಗ ಇನ್‌ಲೆಟ್ ಪೋರ್ಟಿನಲ್ಲಿ ಬಲವಾದ ಸೆಳೆತ ಹುಟ್ಟಿ, ಸೋರುವ ಸೀಲಿನ ಮೂಲಕ ಆಯಿಲನ್ನು ಕೆಳಗೆಳೆಯುತ್ತದೆ. ಇಳಿಜಾರು ಮುಗಿದಲ್ಲಿ ಆಕ್ಸಿಲರೇಟರ್ ಕೊಟ್ಟಾಗ, ಹಿಂದೆ ಇನ್ನೊಂದು ಬೈಕಿನಲ್ಲಿ ಬರುತ್ತಿರುವ ಗೆಳೆಯರಿಗೆ ಒಂದು ನೀಲಿ ಹೊಗೆಯ ಉಂಡೆ ಕಂಡರೆ ಸೀಲ್ ಅಥವಾ ಗೈಡ್ ಎಂಬುದು ಬಹುಮಟ್ಟಿಗೆ ಖಚಿತ. ಏರು ಹತ್ತುವಾಗ ಎಡೆಬಿಡದೆ ಹೊಗೆ ಕಂಡರೆ ಮಾತ್ರ ರಿಂಗಿನ ಕಡೆ ತಿರುಗಿ. ಈ ಪರೀಕ್ಷೆಯಲ್ಲಿ ಏನೂ ಕಾಣದೆ ಬೆಳಗಿನ ಹೊಗೆ ಮಾತ್ರ ಇದ್ದರೂ ಸೀಲನ್ನು ನಿರ್ದೋಷಿ ಎನ್ನಬೇಡಿ. ಸೋರಿಕೆ ಇನ್ನೂ ಆರಂಭದ ಹಂತದಲ್ಲಿದೆ ಎಂದಷ್ಟೇ ಅದರ ಅರ್ಥ.

ಸೀಲಿನ ಮೇಲೆ ಆರೋಪ ಹೊರಿಸುವ ಮುನ್ನ ಆಯಿಲ್ ಮಟ್ಟವನ್ನು ಸರಿಯಾಗಿ ನೋಡಿ. ಎಷ್ಟೋ ಹೊಗೆಗಳಿಗೆ ಕಾರಣ ಹೆಚ್ಚು ಆಯಿಲ್ ಹಾಕಿರುವುದು, ಬೇರೇನೂ ಅಲ್ಲ. ಮಟ್ಟ ಮೀರಿದಾಗ ಒಳಗೆ ತಿರುಗುವ ಕ್ರ್ಯಾಂಕು ಆಯಿಲನ್ನು ಚಿಮ್ಮಿಸಿ ಮಂಜು ಮಾಡುತ್ತದೆ. ಆ ಮಂಜು ಬ್ರೀದರ್ ಪೈಪಿನ ಮೂಲಕ ಏರ್ ಫಿಲ್ಟರಿನ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಎಂಜಿನ್ನಿಗೆ ಮರಳಿ ಉರಿಯುತ್ತದೆ. ಏರ್ ಫಿಲ್ಟರ್ ಪೆಟ್ಟಿಗೆಯ ತಳ ಆಯಿಲಿನಿಂದ ಒದ್ದೆಯಾಗಿದ್ದರೆ ಇದೇ ಸುಳಿವು. ಮಟ್ಟ ನೋಡುವಾಗ ಬೈಕ್ ನೆಟ್ಟಗಿರಬೇಕು, ಎಂಜಿನ್ ಓಡಿಸಿ ಆರಿಸಿ ಎರಡು ಮೂರು ನಿಮಿಷ ಬಿಡಬೇಕು. ಕೆಲವು ಬೈಕುಗಳಲ್ಲಿ ಅಳತೆಯ ಕಡ್ಡಿಯನ್ನು ತಿರುಪದೆ ಸುಮ್ಮನೆ ಇಳಿಸಿ ನೋಡಬೇಕು, ಕೆಲವದರಲ್ಲಿ ತಿರುಪಿ ನೋಡಬೇಕು. ನಿಮ್ಮದರಲ್ಲಿ ಹೇಗೆಂದು ಬೈಕಿನ ಜೊತೆ ಬಂದ ಕೈಪಿಡಿಯಲ್ಲಿದೆ. ಈ ಒಂದು ತಪ್ಪಿನಿಂದಲೇ ಮಟ್ಟ ಮಿತಿ ಮೀರಿಹೋಗುತ್ತದೆ. ಕಡ್ಡಿ ಎತ್ತಿದಾಗ ಪೆಟ್ರೋಲ್ ವಾಸನೆ ಹೊಡೆದರೆ, ಹಾಕದೆಯೇ ಮಟ್ಟ ಏರಿದ್ದರೆ, ಕಾರ್ಬುರೇಟರಿನ ಸೂಜಿ ವಾಲ್ವ್ ಸೋರಿ ಪೆಟ್ರೋಲ್ ಒಳಗೆ ಇಳಿಯುತ್ತಿದೆ ಎಂದರ್ಥ. ತೆಳುವಾದ ಆಯಿಲಿನಲ್ಲಿ ಬೇರಿಂಗುಗಳು ಉಳಿಯುವುದಿಲ್ಲ, ಅಂಥ ಬೈಕನ್ನು ಆಯಿಲ್ ಬದಲಿಸಿ ಸೋರಿಕೆ ಸರಿಪಡಿಸುವವರೆಗೆ ಓಡಿಸಲೇಬಾರದು.

ರಾತ್ರಿ ಬೈಕನ್ನು ಹೇಗೆ ನಿಲ್ಲಿಸುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ಎಡಕ್ಕೆ ವಾಲಿದ ಎಂಜಿನ್ನಿನೊಳಗೆ ಆಯಿಲ್ ಒಂದು ಬದಿಗೆ ಸೇರುತ್ತದೆ. ಎರಡೂ ಪಕ್ಕಕ್ಕೆ ಸಿಲಿಂಡರ್ ಚಾಚಿರುವ ಬಾಕ್ಸರ್ ಎಂಜಿನ್ನುಗಳಲ್ಲಿ ಎಡ ಸಿಲಿಂಡರಿನ ರಿಂಗುಗಳನ್ನು ದಾಟಿ ಆಯಿಲ್ ಇಳಿದು, ಬೆಳಿಗ್ಗೆ ಒಂದು ಮೋಡವನ್ನೇ ಬಿಡುವುದು ಹಳೆಯ ಸಂಗತಿ, ಅದು ರೋಗವೂ ಅಲ್ಲ. ನಿಮ್ಮದು ನೆಟ್ಟಗಿನ ಸಿಲಿಂಡರ್ ಆಗಿದ್ದರೆ ಇದರ ಪಾಲು ಸಣ್ಣದು. ಆದರೂ ಮೂರು ರಾತ್ರಿ ಸೈಡ್ ಸ್ಟ್ಯಾಂಡ್, ಮೂರು ರಾತ್ರಿ ಸೆಂಟರ್ ಸ್ಟ್ಯಾಂಡ್ ಹಾಕಿ ಹೋಲಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಮುಂದಿನದು ಸ್ಪಾರ್ಕ್ ಪ್ಲಗ್. ಒಣಗಿದ ಕಂದು ಬಣ್ಣವಾದರೆ ಒಳಗೆ ದೊಡ್ಡ ತೊಂದರೆಯಿಲ್ಲ. ಕಪ್ಪಗೆ ಒದ್ದೆಯಾಗಿ ಜಿಡ್ಡು ಅಂಟಿದರೆ ಆಯಿಲ್. ಕಾಡಿಗೆಯಂತೆ ಒಣ ಮಸಿ ಕೈಗೆ ಹತ್ತಿದರೆ ಪೆಟ್ರೋಲ್ ಹೆಚ್ಚು.

ಮೆಕ್ಯಾನಿಕ್ ಇನ್ನೂ ರಿಂಗಿನ ಪಟ್ಟು ಬಿಡದಿದ್ದರೆ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರುವಾಗ ಸಿಲಿಂಡರಿನೊಳಗೆ ಏಳುವ ಒತ್ತಡವನ್ನು ಅಳೆಯಲು ಕೇಳಿ. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು, ಆಕ್ಸಿಲರೇಟರ್ ಪೂರ್ತಿ ತೆರೆದಿರಬೇಕು, ಸ್ಪಾರ್ಕ್ ಬರದಂತೆ ತಪ್ಪಿಸಿರಬೇಕು. ಒಮ್ಮೆ ಅಳೆದು, ಪ್ಲಗ್ಗಿನ ರಂಧ್ರದಿಂದ ಒಂದು ಸಣ್ಣ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಆಯಿಲ್ ಬಿಟ್ಟ ಮೇಲೆ ಒತ್ತಡ ಗಣನೀಯವಾಗಿ ಏರಿದರೆ ರಿಂಗು ಅಥವಾ ಬೋರ್ ಸವೆದಿದೆ, ಆಗ ನಿಮ್ಮ ಮೆಕ್ಯಾನಿಕ್ ಮಾತೇ ಸರಿ. ಏರದೆ ಒತ್ತಡ ಕಡಿಮೆಯೇ ಉಳಿದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಎರಡು ಎಚ್ಚರಿಕೆಗಳು. ಅನೇಕ ಒಂಟಿ ಸಿಲಿಂಡರ್ ಎಂಜಿನ್ನುಗಳಲ್ಲಿ ಸುಲಭವಾಗಿ ಸ್ಟಾರ್ಟ್ ಆಗಲೆಂದು ಕ್ಯಾಮಿನಲ್ಲಿ ಡಿಕಂಪ್ರೆಸರ್ ಇರುತ್ತದೆ. ಅದು ವಾಲ್ವನ್ನು ಒಂದಿಷ್ಟು ತೆರೆದಿಡುವುದರಿಂದ ಆರೋಗ್ಯವಂತ ಎಂಜಿನ್ನೂ ಕಡಿಮೆ ಅಂಕಿ ತೋರಿಸುತ್ತದೆ. ಅದನ್ನು ಕಂಡು ‘ನೋಡಿ, ರಿಂಗ್ ಹೋಗಿದೆ’ ಎಂದರೆ ನಂಬಬೇಡಿ. ಆ ಮಾದರಿಗೆ ತಯಾರಕರು ಕೊಟ್ಟಿರುವ ಅಂಕಿಯೊಂದಿಗೇ ಹೋಲಿಸಬೇಕು. ಎರಡನೆಯದು ಇನ್ನೂ ಮುಖ್ಯ: ವಾಲ್ವ್ ಸೀಲ್ ಪೂರ್ತಿ ಹಾಳಾಗಿದ್ದರೂ ಕಂಪ್ರೆಷನ್ ಸರಿಯಾಗಿಯೇ ಇರುತ್ತದೆ. ಸೀಲಿಗೂ ಒತ್ತಡಕ್ಕೂ ಸಂಬಂಧವಿಲ್ಲ. ಅಂಕಿ ಚೆನ್ನಾಗಿದ್ದು ಬೆಳಗಿನ ಹೊಗೆ ಇದ್ದರೆ ಅದು ಸೀಲಿನ ವಿರುದ್ಧದ ಸಾಕ್ಷಿಯೇ ಆಗುತ್ತದೆ.

ಇದನ್ನು ಓದುವ ಬೇರೆಯವರ ಬೈಕಿನ ಹೊಗೆ ಬೇರೆ ಥರ ಇರಬಹುದು, ಅವರಿಗಾಗಿ ನಾಲ್ಕು ಮಾತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಬಿಸಿ ಎಂಜಿನ್ನಿನಲ್ಲಿ ಅದು ಕಾಣದ ಆವಿಯಾಗಿ ಹೋಗುತ್ತದೆ, ಚಳಿಯ ಬೆಳಿಗ್ಗೆ ತಣ್ಣನೆಯ ಸೈಲೆನ್ಸರಿನಲ್ಲಿ ಬಿಳಿ ಮಂಜಾಗಿ ಕಾಣುತ್ತದೆ. ಬಾಯಿಂದ ಬರುವ ಉಸಿರಿನಂತೆ ಗಾಳಿಯಲ್ಲಿ ಕೂಡಲೇ ಕರಗಿಹೋಗುವ ಇಂಥ ಬಿಳಿಗೆ ಯಾವ ಚಿಕಿತ್ಸೆಯೂ ಬೇಡ. ಕೂಲಂಟ್ ಇರುವ ಎಂಜಿನ್ನಿನಲ್ಲಿ ಬಿಳಿ ಹೊಗೆ ಕರಗದೆ ತೇಲುತ್ತಿದ್ದರೆ, ಸಿಹಿ ವಾಸನೆ ಇದ್ದರೆ, ಬಿಸಿಯಾದ ಮೇಲೂ ನಿಲ್ಲದಿದ್ದರೆ, ಕೂಲಂಟ್ ಮಟ್ಟ ಇಳಿಯುತ್ತಿದ್ದರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಬೈಕನ್ನು ಅಲ್ಲಿಗೇ ನಿಲ್ಲಿಸಿ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ಯಾವತ್ತೂ ತೆರೆಯಬೇಡಿ. ಆಯಿಲ್ ಮುಚ್ಚಳದ ಒಳಗೆ ಬಿಳಿಚಿದ ನೊರೆ ಕಂಡಾಕ್ಷಣ ಗ್ಯಾಸ್ಕೆಟ್ ಹೋಯಿತೆಂದು ಎದೆಗುಂದುವುದೂ ಬೇಡ. ದಿನಾ ಎರಡು ಮೂರು ಕಿ.ಮೀ. ಮಾತ್ರ ಓಡುವ ಬೈಕಿನಲ್ಲಿ ಒಳಗಿನ ತೇವ ಆರುವುದೇ ಇಲ್ಲ, ಅದೇ ನೊರೆಯಾಗಿರುತ್ತದೆ. ಕಪ್ಪು ಹೊಗೆಗೆ ಕಾರಣ ಹುಡುಕುವುದು ಸುಲಭ: ಪೂರ್ತಿ ಆಫ್ ಆಗದ ಚೋಕ್, ಕಟ್ಟಿಕೊಂಡ ಏರ್ ಫಿಲ್ಟರ್. ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಎಂಜಿನ್ ಸದಾ ತಣ್ಣಗಿದೆ ಎಂದು ತಪ್ಪು ಸುದ್ದಿ ಕೊಡುವ ಉಷ್ಣತೆಯ ಸೆನ್ಸರ್. ಟೂ ಸ್ಟ್ರೋಕ್ ಬೈಕಿನವರಿಗೆ ಬೆಳಗಿನ ಹೊಗೆ ಹುಟ್ಟುಗುಣ. ಬಿಸಿಯಾದ ಮೇಲೂ ದಟ್ಟವಾಗಿದ್ದು ಗೇರ್ ಆಯಿಲ್ ಇಳಿಯುತ್ತಿದ್ದರೆ ಮಾತ್ರ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ನೋಡಿಸಿ.

ನಿಮ್ಮ ಬೈಕಿಗೆ ಮರಳುತ್ತೇನೆ. ಈ ಹೊಗೆಯೊಂದಿಗೆ ಕೆಲವು ತಿಂಗಳು ಓಡಿಸಬಹುದು. ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡಿ, 1,000 ಕಿ.ಮೀ.ಗೆ ಎಷ್ಟು ಮಿಲಿಲೀಟರ್ ಹಾಕಬೇಕಾಯಿತು ಎಂದು ಬರೆದಿಡಿ. ಆ ಲೆಕ್ಕ ಏರುತ್ತಾ ಹೋದರೆ ಅಥವಾ ಪ್ಲಗ್ ಪದೇ ಪದೇ ಜಿಡ್ಡುಗಟ್ಟಿದರೆ ತಡಮಾಡಬೇಡಿ. ಉರಿದ ಆಯಿಲಿನಲ್ಲಿರುವ ರಂಜಕ ಸೈಲೆನ್ಸರಿನೊಳಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಧಾನವಾಗಿ ಕೊಲ್ಲುತ್ತದೆ, ಅದು ಸೀಲಿಗಿಂತ ಎಷ್ಟೋ ಪಾಲು ದುಬಾರಿ ಭಾಗ. ಹೊಗೆ ನಿಲ್ಲಲೆಂದು ದಪ್ಪ ಆಯಿಲ್ ಹಾಕುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ. ತಣ್ಣಗಿರುವ ದಪ್ಪ ಆಯಿಲ್ ಕ್ಯಾಮ್ ಶಾಫ್ಟಿಗೆ ತಲುಪಲು ತಡವಾಗುತ್ತದೆ, ಹೊಗೆ ಮುಚ್ಚಿಟ್ಟು ಕ್ಯಾಮನ್ನು ಬಲಿಕೊಟ್ಟಂತಾಗುತ್ತದೆ. ಹೊಗೆಯನ್ನು ಬೇಗ ಹೊರಹಾಕಲೆಂದು ತಣ್ಣನೆಯ ಎಂಜಿನ್ನನ್ನು ಜೋರಾಗಿ ರೇಸ್ ಮಾಡುವುದೂ ಅಷ್ಟೇ ಕೆಟ್ಟದ್ದು.

ಕೆಲಸಕ್ಕೆ ಕೊಡುವಾಗ ಇನ್‌ಲೆಟ್, ಎಗ್ಸಾಸ್ಟ್ ಎರಡೂ ಸೀಲುಗಳನ್ನು ಒಟ್ಟಿಗೇ ಬದಲಿಸಲು ಹೇಳಿ. ಸಿಲಿಂಡರಿನೊಳಗೆ ಗಾಳಿಯ ಒತ್ತಡ ಕೊಟ್ಟೋ ಪ್ಲಗ್ಗಿನ ರಂಧ್ರದಿಂದ ಹಗ್ಗ ತುರುಕಿಯೋ ವಾಲ್ವ್ ಬೀಳದಂತೆ ತಡೆದು, ಹೆಡ್ ಇಳಿಸದೆ ಸೀಲ್ ಬದಲಿಸುವ ಕ್ರಮವೂ ಉಂಟು. ಆದರೆ ನಿಮ್ಮಂಥ ಸಣ್ಣ ಎಂಜಿನ್ನಿನಲ್ಲಿ ನಾನು ಹೆಡ್ ಇಳಿಸುವುದನ್ನೇ ಮೆಚ್ಚುತ್ತೇನೆ, ಏಕೆಂದರೆ ಗೈಡನ್ನು ಪರೀಕ್ಷಿಸಲು ಆಗ ಮಾತ್ರ ಸಾಧ್ಯ. ವಾಲ್ವನ್ನು ಸ್ವಲ್ಪ ಮೇಲೆತ್ತಿ ಅಕ್ಕಪಕ್ಕ ಅಲುಗಾಡಿಸಿ ನೋಡಬೇಕು, ಅಳತೆ ಕೈಪಿಡಿಯ ಮಿತಿ ಮೀರಿದ್ದರೆ ಗೈಡನ್ನೂ ಬದಲಿಸಬೇಕು. ಸಡಿಲ ಗೈಡಿನ ಮೇಲೆ ಕೂರಿಸಿದ ಹೊಸ ಸೀಲನ್ನು ಓಲಾಡುವ ಕಡ್ಡಿ ಕೆಲವೇ ತಿಂಗಳಲ್ಲಿ ಸವೆಸಿಬಿಡುತ್ತದೆ. ಇನ್‌ಲೆಟ್ ವಾಲ್ವಿನ ಬೆನ್ನಿಗೆ ಅಂಟಿರುವ ಕರಿಯನ್ನು ಕೆರೆಸಿ, ಜೋಡಿಸುವಾಗ ಹೊಸ ಹೆಡ್ ಗ್ಯಾಸ್ಕೆಟ್ ಹಾಕಿಸಿ, ಟ್ಯಾಪೆಟ್ (ವಾಲ್ವಿಗೂ ರಾಕರಿಗೂ ನಡುವಿನ ಸಂದು) ಹೊಂದಾಣಿಕೆ ಮಾಡಿಸಿ. ಹಳೆಯ ಸೀಲುಗಳನ್ನು ಕೇಳಿ ಪಡೆದು ಉಗುರಿನಿಂದ ಒತ್ತಿ ನೋಡಿ.

ಕೆಲಸ ಮುಗಿದ ಮರುದಿನವೇ ಹೊಗೆ ಪೂರ್ತಿ ಮಾಯವಾಗದಿದ್ದರೆ ಮೆಕ್ಯಾನಿಕ್ ಮೇಲೆ ಸಿಟ್ಟಾಗಬೇಡಿ. ತಿಂಗಳುಗಟ್ಟಲೆ ಸೈಲೆನ್ಸರಿನೊಳಗೆ ಸೇರಿದ ಹಳೆಯ ಆಯಿಲ್ ಸುಟ್ಟುಹೋಗಲು ಒಂದೆರಡು ಉದ್ದನೆಯ ಸವಾರಿ ಬೇಕಾಗುತ್ತದೆ. ಇನ್ನೂರು ಮುನ್ನೂರು ಕಿ.ಮೀ. ಓಡಿದ ಮೇಲೂ ಬೆಳಿಗ್ಗೆ ಅದೇ ಉಂಡೆ ಬರುತ್ತಿದ್ದರೆ, ಮತ್ತೆ ಕಾಗದ ಹಿಡಿದು ವಿಡಿಯೊ ಮಾಡಿ, ಕಂಪ್ರೆಷನ್ನಿನ ಎರಡೂ ಅಂಕಿಗಳೊಂದಿಗೆ ನನಗೆ ಬರೆಯಿರಿ.